ಮೈದುನನ ಪಾಕ ಕೆಡಲಿ ಅಂತ ಕಾದಿದ್ದು

ಮೂರು ವರ್ಷದ ಹಿಂದೆ, ಬೆಲ್ಲದ ಒಂದು ಹಂಗಾಮಿನ ಬಹುಪಾಲು, ನನ್ನ ಮೈದುನನ ಪಾಕ ಕೆಡಲಿ ಅಂತ ನಾನು ಕಾದೆ. ಬೆಳಿಗ್ಗೆ ಕಸ ಗುಡಿಸುವಾಗ ಕಾದೆ, ರೊಟ್ಟಿ ಬಡಿಯುವಾಗ ಕಾದೆ, ದೇವರ ಮುಂದೆ ಊದಿನಕಡ್ಡಿ ಹಚ್ಚಿ ಕೈಮುಗಿದಾಗಲೂ ಅದನ್ನೇ ಬೇಡಿದೆ. ಇದನ್ನು ಬರೆಯಲು ನನಗೆ ನಾಚಿಕೆ ಆಗಬೇಕಿತ್ತು, ಆಗುತ್ತಿಲ್ಲ. ನಾಚಿಕೆ ಆಗಿದ್ದು ಬೇರೆಯದಕ್ಕೆ.

ನಮ್ಮದು ಕಂಪ್ಲಿ ಹತ್ತಿರ ಕಾಲುವೆ ದಂಡೆಯ ಮೇಲಿರುವ ಬೆಲ್ಲದ ಗಾಣ. ಮಾವನವರು ಹಾಕಿದ್ದು. ತಗಡಿನ ಚಪ್ಪರ, ಕಬ್ಬು ಅರೆಯುವ ಯಂತ್ರ, ಒಂದು ದೊಡ್ಡ ಒಲೆ, ಅದರ ಮೇಲೆ ಎತ್ತಿನಬಂಡಿಯ ಗಾಲಿಯಷ್ಟು ಅಗಲದ ಕೊಪ್ಪರಿಗೆ. ಮಾವ ತೀರಿದ ಮೇಲೆ ಇಪ್ಪತ್ತೈದು ವರ್ಷ ಅಲ್ಲಿ ಹದ ನೋಡಿದವರು ನಮ್ಮ ಮನೆಯವರು. ಹದ ನೋಡುವುದು ಅಂದರೆ ಕುದಿಯುವ ಪಾಕ ಯಾವ ಗಳಿಗೆಯಲ್ಲಿ ಬೆಲ್ಲ ಆಗಲು ಸಿದ್ಧ ಅಂತ ಹೇಳುವುದು. ಒಂದು ಚಣ ಮೊದಲಾದರೆ ಅಚ್ಚಿನಲ್ಲಿ ಗಟ್ಟಿಯಾಗದೆ ಜೋಲುತ್ತದೆ, ಒಂದು ಚಣ ತಡವಾದರೆ ಕಹಿ ಹತ್ತುತ್ತದೆ. ಅವರು ಒಲೆಯ ಎಡಗಡೆ ಒಂದು ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಬೆಂಡೆ ಗಿಡ ಜಜ್ಜಿ ತೆಗೆದ ಲೋಳೆ ಯಾವಾಗ ಹಾಕಬೇಕು, ಸುಣ್ಣದ ತಿಳಿ ಎಷ್ಟು, ಕೊಳೆಯ ನೊರೆ ಯಾವಾಗ ತೆಗೆಯಬೇಕು, ಎಲ್ಲ ಅಲ್ಲಿಂದಲೇ ಕಣ್ಸನ್ನೆಯಲ್ಲಿ ನಡೆಸುತ್ತಿದ್ದರು. ಕೊನೆಗೆ ಒಂದು ತೊಟ್ಟು ಪಾಕ ನೀರಿನ ಬಟ್ಟಲಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ತಾಟಿಗೆ ಎಸೆದು ಅದರ ಸದ್ದು ಕೇಳಿ, "ಇಳಸ್ರಿ" ಅನ್ನುತ್ತಿದ್ದರು. ನಾಲ್ಕು ಜನ ಕೊಪ್ಪರಿಗೆಯ ಕಿವಿಗೆ ಗಳ ತೂರಿಸಿ ಇಳಿಸುತ್ತಿದ್ದರು.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಚಂಬು ಬಿದ್ದ ಸದ್ದಾಯಿತು. ಎರಡು ಸಲ ಕೂಗಿದೆ, ಉತ್ತರ ಇಲ್ಲ. ಬಾಗಿಲು ತಳ್ಳಿದರೆ ಗೋಡೆಗೆ ಒರಗಿ ಕೂತಿದ್ದಾರೆ, ಬಾಯಿ ಒಂದು ಕಡೆಗೆ ಎಳೆದಿದೆ. ಹೊಸಪೇಟೆಗೆ ಒಯ್ದೆವು. ಹದಿನಾಲ್ಕು ದಿವಸ ಆಸ್ಪತ್ರೆ. ಬಲಗೈ ಹೋಯಿತು, ಬಲಗಾಲು ಅರ್ಧ ಉಳಿಯಿತು, ಮಾತು ಪೂರ್ತಿ ಹೋಯಿತು. "ಹ್ಞೂಂ" ಅನ್ನುವ ಒಂದು ದನಿ ಮಾತ್ರ ಗಂಟಲಲ್ಲಿ ಉಳಿಯಿತು.

ಡಾಕ್ಟರು ಸಣ್ಣ ವಯಸ್ಸಿನವರು, ತಾಳ್ಮೆಯ ಮನುಷ್ಯ. ತಲೆಯ ಚಿತ್ರವನ್ನು ಬೆಳಕಿಗೆ ಹಿಡಿದು ಎಡಗಡೆಯ ಕಪ್ಪು ಕಲೆ ತೋರಿಸಿದರು. "ಮೆದುಳು ಅಂದ್ರೆ ಒಂದು ಕಂಪ್ಯೂಟರ್ ಅಂದ್ಕೊಳ್ರಿ ಅಮ್ಮ. ಒಂದು ಭಾಗ ಕೆಟ್ಟೈತಿ. ಆದ್ರ ಇದು ನಿಮ್ಮ ಮನಿ ಕಂಪ್ಯೂಟರಿನಂಗ ಅಲ್ಲ, ಉಳಿದ ಭಾಗ ಹೊಸ ದಾರಿ ಹುಡುಕ್ಕೊಂತೈತಿ. ನಿಧಾನ ಆಗತೈತಿ. ದಿನಾ ಏನ್ ಮಾಡ್ತಾರ, ಬರದಿಡ್ರಿ," ಅಂದರು. ನನ್ನ ಮೈದುನ ಪಕ್ಕದಲ್ಲೇ ನಿಂತಿದ್ದ. ಡಾಕ್ಟರು ಹೇಳಿದ ಮೊದಲ ಎರಡು ಮಾತು ಅವನ ಕಿವಿಗೆ ಬಿತ್ತು, ಮೂರನೆಯದು ಬೀಳಲಿಲ್ಲ.

ಮೈದುನ ನಮ್ಮವರಿಗಿಂತ ಹದಿನಾರು ವರ್ಷಕ್ಕೆ ಚಿಕ್ಕವನು. ಡಿಪ್ಲೊಮಾ ಮಾಡಿ ಸಂಡೂರಿನ ಕಡೆ ಒಂದು ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಕೆಲಸಕ್ಕಿದ್ದ. ಗೋಡೆ ತುಂಬ ಪರದೆ, ಪರದೆ ತುಂಬ ಅಂಕಿ, ಕುಲುಮೆಯನ್ನು ಕಣ್ಣಿಂದ ನೋಡದೆ ನಡೆಸೋದು. ನನ್ನ ತವರು ಅದೇ ಸೀಮೆಯ ವಡ್ಡು ಅನ್ನುವ ಹಳ್ಳಿ. ಕಾರ್ಖಾನೆಗೆ ಹೋಗಿ ಬರುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಅವರ ಬಗ್ಗೆ ನನಗೆ ಅಗೌರವ ಇಲ್ಲ. ಅಣ್ಣ ಬಿದ್ದ ಮೇಲೆ ಗಾಣ ನಿಲ್ಲಬಾರದು ಅಂತ ಕೆಲಸ ಬಿಟ್ಟು ಬಂದ. ಅದಕ್ಕೆ ಮೆಚ್ಚಬೇಕು, ಮೆಚ್ಚಿದೆ ಕೂಡ. ಬರುವಾಗ ಒಂದು ಮೀಟರ್ ತಂದ. ಉದ್ದನೆಯ ಉಕ್ಕಿನ ಕಡ್ಡಿ, ಅದಕ್ಕೊಂದು ವೈರು, ವೈರಿನ ತುದಿಗೆ ಅಂಗೈಯಷ್ಟು ಪೆಟ್ಟಿಗೆ. ಕಡ್ಡಿಯನ್ನು ಪಾಕದಲ್ಲಿ ಇಳಿಬಿಟ್ಟರೆ ಪೆಟ್ಟಿಗೆಯ ಮೇಲೆ ಅಂಕಿ ಏರುತ್ತದೆ, ಬೇಕಾದ ಅಂಕಿ ಬಂದಾಗ ಪೀಂ ಅನ್ನುತ್ತದೆ.

ಹಂಗಾಮಿನ ಮೊದಲ ದಿವಸ ನಮ್ಮ ಗಾಣದಲ್ಲಿ ಒಂದು ಪದ್ಧತಿ. ಮೊದಲ ಕೊಪ್ಪರಿಗೆ ಇಳಿದ ಮೇಲೆ ಹದ ನೋಡಿದವನು ಎರಡು ಉಂಡೆ ಬೆಲ್ಲ ಮಾಡುತ್ತಾನೆ. ಒಂದನ್ನು ಒಲೆಯ ಬಾಯಿಗೆ ಹಾಕುತ್ತಾನೆ, ಇನ್ನೊಂದನ್ನು ಒಲೆಗೆ ಕಬ್ಬಿನ ಸಿಪ್ಪೆ ಉಣಿಸುವವನ ಕೈಗೆ ಕೊಡುತ್ತಾನೆ. ಆಮೇಲೆ ಉಳಿದವರಿಗೆ. ನಾನು ನಮ್ಮವರಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಕೈ ಹಿಡಿದು ನಡೆಸಿಕೊಂಡು ಹೋದೆ. ಎಡಗೈ ಇದೆಯಲ್ಲ, ಉಂಡೆ ಮಾಡಬಹುದು ಅಂದುಕೊಂಡಿದ್ದೆ.

ಹಲಗೆಯ ಮೇಲೆ ಮೈದುನ ಕೂತಿದ್ದ. ನಮ್ಮವರನ್ನು ಹಿಂದಿನ ಕಲ್ಲುಬೆಂಚಿನ ಮೇಲೆ ಕೂರಿಸಿದ. ಮೀಟರಿನ ಪೆಟ್ಟಿಗೆ ನೇತುಹಾಕಲು ಗೂಟ ಇರಲಿಲ್ಲ. ಅತ್ತಿತ್ತ ನೋಡಿ, ಆ ಪೆಟ್ಟಿಗೆಯ ಪಟ್ಟಿಯನ್ನು ನಮ್ಮವರ ಸತ್ತ ಬಲಗೈಗೆ ಸಿಕ್ಕಿಸಿದ.

"ಅಣ್ಣ ಹೆಂಗೂ ಕುಂತಿರ್ತಾನ. ಸ್ಟ್ಯಾಂಡ್ ಆಗ್ಲಿ ಬಿಡು."

ನಾಲ್ಕಾರು ಜನ ನಕ್ಕರು. ಕೆಟ್ಟವರಲ್ಲ, ಮಾಲೀಕ ನಕ್ಕಿದ್ದಕ್ಕೆ ನಕ್ಕವರು. ನಾನು ಪಟ್ಟಿ ಬಿಡಿಸಲು ಹೋದೆ.

"ಅತ್ತಿಗಿ, ಅವನಿಗೇನೂ ತಿಳಿಯಂಗಿಲ್ರಿ. ಡಾಕ್ಟರೇ ಅಂದ್ರಲ್ಲ, ತಲಿ ಅಂದ್ರ ಕಂಪ್ಯೂಟರ್ ಅಂತ. ಡಿಸ್ಕ್ ಹೋಗೈತಿ. ಖಾಲಿ. ಮಾನಿಟರ್ ಮುಂದ ಕುಂತು ಎಷ್ಟ್ ಅತ್ರೂ ಏನ್ ಬರತೈತಿ ಹೇಳ್ರಿ?"

ಪೆಟ್ಟಿಗೆ ಪೀಂ ಅಂದಾಗ ಕೊಪ್ಪರಿಗೆ ಇಳಿಯಿತು. ಉಂಡೆಗಳನ್ನು ಮೈದುನನೇ ಮಾಡಿದ, ಒಲೆಗೂ ಅವನೇ ಹಾಕಿದ. ಒಲೆಗೆ ಉಣಿಸುವ ಅಜ್ಜ ತನ್ನ ಪಾಲಿನ ಉಂಡೆಯನ್ನು ತಿನ್ನದೆ ಪಂಚೆಯ ಸೆರಗಿಗೆ ಕಟ್ಟಿಕೊಂಡ. ನಮ್ಮವರು ತಮ್ಮ ಕೈಗೆ ತೂಗುವ ಪೆಟ್ಟಿಗೆಯನ್ನು ನೋಡುತ್ತಿದ್ದರು. ಕಣ್ಣಲ್ಲಿ ನೀರು ಬರಲಿಲ್ಲ. ಕಿವಿಯ ಮೇಲ್ತುದಿ ಕೆಂಪಾಯಿತು. ನಾಚಿಕೆಯಾದಾಗ ಅವರಿಗೆ ಆಗೋದೇ ಹಾಗೆ, ಮದುವೆಯ ದಿವಸದಿಂದ ಗೊತ್ತು. ಖಾಲಿ ಡಬ್ಬಿಯ ಕಿವಿ ಕೆಂಪಾಗುತ್ತದೆಯೇ?

ಅವತ್ತು ಮನೆಗೆ ಬಂದು, ಡಾಕ್ಟರು ಬರೆಯಲು ಹೇಳಿದ ನೋಟ್‌ಬುಕ್ಕನ್ನು ತಿರುಗಿಸಿ ಹಿಂದಿನ ಹಾಳೆಯಿಂದ ಬರೆಯತೊಡಗಿದೆ. ಮುಂದಿನಿಂದ ನಮ್ಮವರ ದಿನಚರಿ, ಹಿಂದಿನಿಂದ ಮೈದುನನ ಮಾತು. ಅವನು ಅಂದದ್ದನ್ನು ಅವನು ಅಂದ ಹಾಗೇ ಬರೆದೆ, ಒಂದಕ್ಷರ ಹೆಚ್ಚಿಸದೆ. ಹೆಚ್ಚಿಸುವ ಅಗತ್ಯ ಇರಲಿಲ್ಲ.

ಮುಂದಿನ ಹಾಳೆಗಳಲ್ಲಿ ಇದ್ದದ್ದು ಹೀಗೆ. ಇವತ್ತು ಚಮಚ ತೋರಿಸಿ ಏನಿದು ಅಂದರೆ ಬೆಬ್ಬಳಿಸಿದರು, ಆದರೆ ಅನ್ನ ಬಂದ ಕೂಡಲೆ ಅದೇ ಚಮಚಕ್ಕೆ ಕೈ ಹಾಕಿದರು. ಇವತ್ತು ಐದರ ತನಕ ಎಣಿಸಿ ಅಂತ ಬೆರಳು ಮಡಿಸಿ ತೋರಿಸಿದೆ, ಮೂರಕ್ಕೇ ತಪ್ಪಿತು. ಇವತ್ತು ಹಾಲು ಒಲೆಯ ಮೇಲಿಟ್ಟು ಮರೆತು ಹಿತ್ತಲಿಗೆ ಹೋಗಿದ್ದೆ, ನಡುಮನೆಯಿಂದ ಕೋಲು ಕುಟ್ಟಿ ಕುಟ್ಟಿ ಕರೆದರು, ಬಂದು ನೋಡಿದರೆ ಹಾಲು ಆಗಷ್ಟೇ ಏಳುತ್ತಿದೆ. ಇವತ್ತು ಶೇಂಗಾ ಉಂಡೆಗೆ ಪಾಕ ಇಟ್ಟಿದ್ದೆ, ಎದ್ದು ಬಂದು ನನ್ನ ಮೊಣಕೈ ತಳ್ಳಿದರು, ಇಳಿಸು ಅಂತ. ಇಳಿಸಿದೆ. ಅಂಥ ಉಂಡೆ ನನ್ನ ಕೈಯಲ್ಲಿ ಯಾವತ್ತೂ ಬಂದಿರಲಿಲ್ಲ.

ಐದು ಎಣಿಸಲು ಬಾರದ ತಲೆಯಲ್ಲಿ ಪಾಕದ ಹದ ಎಲ್ಲಿ ಕೂತಿತ್ತು? ಇದನ್ನು ನಾನು ಬಹಳ ಯೋಚಿಸಿದೆ. ತಿಂಗಳಿಗೊಮ್ಮೆ ಹೊಸಪೇಟೆಗೆ ತೋರಿಸಲು ಹೋಗುವ ಬಸ್ಸಿನಲ್ಲಿ, ಕಮಲಾಪುರದ ಕೆರೆ ದಾಟುವ ತನಕ ಅದೇ ಯೋಚನೆ. ಕಂಪ್ಯೂಟರಿನಲ್ಲಿ ಒಂದೊಂದು ಸಂಗತಿಗೆ ಒಂದೊಂದು ಜಾಗ ಇರುತ್ತದಂತೆ, ಆ ಜಾಗ ಸುಟ್ಟರೆ ಸಂಗತಿ ಹೋಯಿತು. ನಮ್ಮವರ ಹದಕ್ಕೆ ಅಂಥ ಜಾಗ ಇದ್ದಂತೆ ಕಾಣಲಿಲ್ಲ. ಅದು ಮೂಗಿನಲ್ಲಿತ್ತೋ, ಬೆರಳ ತುದಿಯಲ್ಲಿತ್ತೋ, ಹಲಗೆಯ ಮೇಲೆ ಸವೆದ ಮೊಣಕಾಲಿನಲ್ಲಿತ್ತೋ.

ಒಂದು ಸಂಜೆ ಮೈದುನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ.

"ತಮ್ಮಾ, ನಿನ್ನ ಕಂಪ್ಯೂಟರಿಗೆ ಎಣಿಕಿ ಹೋಗಿ ಹದ ಅಷ್ಟ ಉಳೀತೈತೇನು?"

"ಉಳದೈತಿ ಅಂತ ಯಾರಂದ್ರು? ಅದು ಅಭ್ಯಾಸ್ರಿ ಅತ್ತಿಗಿ, ನೆನಪಲ್ಲ." ಬದನೆಕಾಯಿ ಪಲ್ಯ ಹಾಕಿಸಿಕೊಳ್ಳುತ್ತ ಹೇಳಿದ. "ನೋಡ್ರಿ, ಅಣ್ಣ ಇಪ್ಪತ್ತೈದು ವರ್ಷ ಏನ್ ಮಾಡಿದ? ಕಣ್ಣಿಲೆ ನೋಡಿದ, ಕಿವಿಲೆ ಕೇಳಿದ, ಮೂಸಿದ. ಅದು ಇನ್‌ಪುಟ್. 'ಇಳಸ್ರಿ' ಅಂದ. ಅದು ಔಟ್‌ಪುಟ್. ನಡುವ ಇರೋದು ಒಂದು ಲೆಕ್ಕ. ಆ ಲೆಕ್ಕಾನ ನನ್ನ ಮೀಟರ್ ಮಾಡತೈತಿ, ಬೀಡಿ ಸೇದಂಗಿಲ್ಲ, ಸಿಟ್ಟು ಮಾಡಂಗಿಲ್ಲ."

"ನಾಚಿಕಿ?"

"ಏನ್ರಿ?"

"ನಿನ್ನ ಮೀಟರಿಗೆ ನಾಚಿಕಿ ಆಗತೈತೇನು?"

"ಯಾಕ ಆಗಬೇಕ್ರಿ ಅದಕ್ಕ? ಬೆಲ್ಲ ಮಾಡಾಕ ನಾಚಿಕಿ ಬೇಕಾ?" ಅಂತ ನಕ್ಕ. ನಾನು ಒಂದು ರೊಟ್ಟಿ ಹೆಚ್ಚೇ ಬಡಿಸಿದೆ.

ನಿಜ ಹೇಳಬೇಕೆಂದರೆ ಅವನ ಬೆಲ್ಲ ಚೆನ್ನಾಗಿಯೇ ಬರುತ್ತಿತ್ತು. ದಿನಾ ಸಂಜೆ ಒಂದು ಚೂರು ತಂದುಕೊಡುತ್ತಿದ್ದ, ನಾನು ಬಾಯಿಗೆ ಹಾಕಿಕೊಂಡು ತಪ್ಪು ಹುಡುಕುತ್ತಿದ್ದೆ, ಸಿಗುತ್ತಿರಲಿಲ್ಲ. ಚೂರು ನಾಲಿಗೆಯ ಮೇಲೆ ಸಿಹಿಯಾಗಿ ಕರಗುತ್ತ ಹೋದಂತೆ ನನ್ನ ಹೊಟ್ಟೆ ಉರಿಯುತ್ತಿತ್ತು. ಆದರೆ ನನಗೆ ಒಂದು ವಿಷಯ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ನಮ್ಮ ಗಾಣಕ್ಕೆ ಬರುವ ಕಬ್ಬಿನಲ್ಲಿ ಕಾಲುವೆಯ ಕೊನೆಯ ತಗ್ಗಿನ ಹೊಲದ್ದು ಬೇರೆ ಜಾತಿ. ಜಾತಿ ಅಂದರೆ ಬೀಜ ಅಲ್ಲ, ನೆಲ. ಅಲ್ಲಿ ಬಸಿನೀರು ನಿಂತು ನಿಂತು ಮಣ್ಣು ಸವುಳಾಗಿದೆ, ಬೇಸಿಗೆಯಲ್ಲಿ ಬಿಳಿ ಉಪ್ಪು ಏಳುತ್ತದೆ. ಆ ಕಬ್ಬನ್ನು ನಮ್ಮವರು "ಮುನಿಸಿಕೊಂಡ ಕಬ್ಬು" ಅನ್ನುತ್ತಿದ್ದರು. ಪ್ರತಿ ವರ್ಷ ಆ ಹೊಲದ ಸರದಿ ಬಂದ ದಿವಸ ಊಟಕ್ಕೆ ಕೂತು ಅದರದೇ ಮಾತು: "ಇವತ್ತ ಮುನಿಸಿಕೊಂಡಾಕಿನ್ನ ರಮಿಸಿ ಬಂದೆ ನೋಡು. ಬ್ಯಾರೆ ಪಾಕ ಇಳಿಸೋ ಹೊತ್ತಿಗೆ ಇದು ಒಳಗ ಇನ್ನಾ ಹಸಿ ಇರತೈತಿ. ಬೆಂಕಿ ಅರ್ಧ ಎಳದು, ಸುಮ್ಮನ ಕುಂದ್ರಬೇಕು. ಬೆಂಕಿ ಎಳೀದೆ ಕಾದ್ರ ತಳ ಹಿಡೀತೈತಿ, ಕಾಯದೆ ಇಳಿಸಿದ್ರ ಅಂಬಲಿ." ಇಪ್ಪತ್ತು ಸಲ ಕೇಳಿದ್ದೇನೆ. ಮೀಟರಿಗೆ ಎಲ್ಲ ಕಬ್ಬೂ ಒಂದೇ, ಒಂದೇ ಅಂಕಿಗೆ ಪೀಂ ಅನ್ನುತ್ತದೆ. ಇದನ್ನು ನಾನು ಮೈದುನನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಕಂಪ್ಯೂಟರನ್ನು ಕೇಳಿದರೆ ಇದ್ದದ್ದನ್ನು ಹೇಳುತ್ತದೆ. ನನ್ನನ್ನು ಯಾರೂ ಕೇಳಲೂ ಇಲ್ಲ.

ತಗ್ಗಿನ ಹೊಲದ ಸರದಿ ಬಂದದ್ದು ಸಂಕ್ರಾಂತಿ ಕಳೆದು. ನನ್ನ ಅದೃಷ್ಟಕ್ಕೆ ಮೈದುನ ಅದೇ ದಿವಸ ಸುತ್ತಲಿನ ಗಾಣದ ಮಾಲೀಕರನ್ನು ಕರೆದಿದ್ದ, ಮೀಟರಿನ ಕೆಲಸ ತೋರಿಸಲು. ಬೆಳಿಗ್ಗೆ ಟ್ರಾಕ್ಟರ್ ನಮ್ಮ ಮನೆಯ ಮುಂದೆ ಹೋದಾಗ ಕಬ್ಬು ನೋಡಿದೆ. ಸಣಕಲು ಜಲ್ಲೆ, ಗೆಣ್ಣಿನ ಹತ್ತಿರ ಕೆಂಪು. ಸ್ನಾನಕ್ಕೆ ನೀರು ಕಾಯಿಸಿದೆ. ನಮ್ಮವರಿಗೆ ತಲೆಗೆ ಎಣ್ಣೆ ಹಚ್ಚಿ ಮೀಯಿಸಿ, ವಿಭೂತಿ ಹಚ್ಚಿ, ಬಿಳಿ ಅಂಗಿ ತೊಡಿಸಿದೆ. ಮದುವೆಗೆ ಹೊರಟವರ ಹಾಗೆ ಸಿಂಗರಿಸಿದೆ ಅಂದರೆ ಸರಿ. ತಮ್ಮನ ಮುಖ ನಾಲ್ಕು ಜನರ ಮುಂದೆ ಬೀಳುವುದನ್ನು ಇವರು ಕಣ್ಣಾರೆ ನೋಡಬೇಕು ಅಂತ ನನ್ನ ಹಟ.

ಗಾಣದಲ್ಲಿ ಏಳೆಂಟು ಜನ ಮಾಲೀಕರು ಕುರ್ಚಿ ಹಾಕಿಕೊಂಡು ಕೂತಿದ್ದರು. ಮೈದುನ ಹಲಗೆಯ ಮೇಲೆ. ಅಷ್ಟು ಹೊತ್ತಿಗೆ ಪೆಟ್ಟಿಗೆಗೆ ಒಂದು ಗೂಟ ಹೊಡೆದಿದ್ದ, ಅಣ್ಣನ ಕೈ ಅದಕ್ಕೂ ಬೇಡವಾಗಿತ್ತು. ನಾವು ಕಲ್ಲುಬೆಂಚಿನ ಮೇಲೆ ಕೂತೆವು. ಒಲೆಯ ಅಜ್ಜ ಕಬ್ಬಿನ ಸಿಪ್ಪೆ ತುಂಬುತ್ತ ನನ್ನ ಕಡೆ ಒಮ್ಮೆ ನೋಡಿದ. ಅವನಿಗೂ ಆ ಹೊಲದ ಕಬ್ಬು ಗೊತ್ತಿತ್ತು. ನಾನು ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದೆ.

ಪಾಕ ಏರತೊಡಗಿತು. ಮೊದಲು ದೊಡ್ಡ ಗುಳ್ಳೆ, ಆಮೇಲೆ ಸಣ್ಣ ಗುಳ್ಳೆ, ಬಣ್ಣ ಜೇನಿನ ಕಡೆಗೆ. ಮೈದುನ ಅಂಕಿ ಕೂಗುತ್ತಿದ್ದ. ನಮ್ಮವರ ಮೂಗಿನ ಹೊಳ್ಳೆ ಅರಳಿದ್ದನ್ನು ನಾನು ಗಮನಿಸಿದೆ. ಕೋಲು ನೆಲಕ್ಕೆ ಕುಟ್ಟಿದರು. ಮತ್ತೆ ಕುಟ್ಟಿದರು. ನಾನು ಅವರ ತೊಡೆಯ ಮೇಲೆ ಕೈಯಿಟ್ಟೆ, ಸುಮ್ಮನಿರಿ ಅಂತ. ಕೈ ಸರಿಸಿ ಎದ್ದುಬಿಟ್ಟರು.

ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಅವಮಾನ ಆದವರಿಗೆ ಸೇಡು ಬೇಕಾಗುತ್ತದೆ ಅಂದುಕೊಂಡಿದ್ದೆ. ಅವರು ಕಾಲೆಳೆಯುತ್ತ ಒಲೆಯ ಬಾಯಿಗೆ ಹೋಗಿ, ಎಡಗೈಯಲ್ಲಿ ಅಜ್ಜನ ಕೈಯ ಸಲಿಕೆಯನ್ನು ಹಿಡಿದು ತಮ್ಮ ಕಡೆಗೆ ಜಗ್ಗಿದರು. ಅಜ್ಜ ಒಂದು ಮಾತೂ ಕೇಳದೆ ಅರ್ಧ ಬೆಂಕಿಯನ್ನು ಹೊರಗೆ ಎಳೆದ.

"ಅಜ್ಜಾ, ಏನ್ ಮಾಡ್ತಿ? ಇನ್ನಾ ಎರಡು ಡಿಗ್ರಿ ಐತಿ." ಮೈದುನ ಎದ್ದು ನಿಂತ. "ಅಣ್ಣಾ, ಸರೀ ಆಕಡಿ, ಸುಟ್ಟೀತು."

"ಇರ್ಲಿ ಬಿಡೋ, ಹಳೇ ಕೈ," ಅಂದರು ಒಬ್ಬ ಮಾಲೀಕರು, ಅರ್ಧ ತಮಾಷೆಗೆ.

ಅಷ್ಟರಲ್ಲಿ ಅಂಕಿ ತಾನಾಗಿಯೇ ಆ ಎರಡು ಡಿಗ್ರಿ ಏರಿತು. ಪೆಟ್ಟಿಗೆ ಪೀಂ ಅಂದಿತು. "ಇಳಸ್ರಿ," ಅಂದ ಮೈದುನ. ನಾಲ್ವರು ಗಳ ತೂರಿಸಿದರು. ನಮ್ಮವರು ಒಂದು ಗಳದ ಮೇಲೆ ತಮ್ಮ ಎಡಗೈ ಊರಿ, ಮೈಭಾರ ಎಲ್ಲ ಅದರ ಮೇಲೆ ಬಿಟ್ಟು ನಿಂತರು. ಗಂಟಲಿನಿಂದ "ಹ್ಞೂಂ, ಹ್ಞೂಂ" ಅಂತ ಉದ್ದಕ್ಕೆ ಎಳೆದರು. ಗಳ ಹಿಡಿದವರು ಎತ್ತಲೂ ಆಗದೆ ಬಿಡಲೂ ಆಗದೆ ನಿಂತರು. ಎಲ್ಲರೂ ನನ್ನ ಕಡೆ ತಿರುಗಿದರು. ಆಗಲೇ ಒಂದು ವರ್ಷದಿಂದ ಅವರ ಬಾಯಿ ನಾನೇ ಆಗಿದ್ದೆ. ಅವರ ದನಿಯ ಏರಿಳಿತ ನೋಡಿ ಅದು ನೀರೋ, ಸೆಕೆಯೋ, ಬೇಸರವೋ ಅಂತ ನಾನು ಹೇಳಿದರೆ ಉಳಿದವರು ಕೇಳುತ್ತಿದ್ದರು.

"ಅತ್ತಿಗಿ, ಏನಂತಾನ ಅಣ್ಣ? ಜಲ್ದಿ ಹೇಳ್ರಿ," ಅಂದ ಮೈದುನ.

ಅವರು ಏನನ್ನುತ್ತಿದ್ದರು ಅನ್ನುವುದು ನನಗೆ ಹಗಲಿನಷ್ಟು ಸ್ಪಷ್ಟ. ತಡೀರಿ, ಇದು ತಗ್ಗಿನ ಹೊಲದ್ದು, ಇನ್ನೂ ಹಸಿ ಐತಿ, ಸುಮ್ಮನ ಕುಂದ್ರಿ. ಅಷ್ಟು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಖಾಲಿ ಅಂದ ತಲೆಯ ಬೆಲೆ ಅಷ್ಟೂ ಜನಕ್ಕೆ ಅಲ್ಲೇ ತಿಳಿಯುತ್ತಿತ್ತು. ಆದರೆ ಪಾಕ ಉಳಿಯುತ್ತಿತ್ತು. ಮೈದುನ ಉಳಿಯುತ್ತಿದ್ದ. ನನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಗಳೆಲ್ಲ ಕಣ್ಣ ಮುಂದೆ ಬಂದವು. ಸ್ಟ್ಯಾಂಡ್ ಆಗ್ಲಿ ಬಿಡು.

"ದಣದಾರ. ಮನಿಗೆ ಹೋಗೂಣು ಅಂತಾರ," ಅಂದೆ.

ಎದ್ದು ಹೋಗಿ ಅವರ ಬೆರಳುಗಳನ್ನು ಒಂದೊಂದಾಗಿ ಗಳದಿಂದ ಬಿಡಿಸಿದೆ. ಐದೂ ಬಿಡಿಸುವ ತನಕ ಅವರು ನನ್ನ ಮುಖವನ್ನು ನೋಡುತ್ತಿದ್ದರು. ಕೊನೆಯ ಬೆರಳು ಬಿಡಿಸಿದಾಗ ಕೈ ತಾನಾಗಿಯೇ ಇಳಿಯಿತು. ಅವರ ಕಿವಿ ಕೆಂಪಾಗಲಿಲ್ಲ. ಆ ನೋಟಕ್ಕೆ ಹೆಸರು ನನಗೆ ಸಿಕ್ಕಿಲ್ಲ. ಅಂಗಡಿಯವನು ತೂಕದಲ್ಲಿ ಮೋಸ ಮಾಡಿದ್ದು ಕಂಡರೂ ಜಗಳ ಮಾಡದೆ, ಇನ್ನು ಈ ಅಂಗಡಿಗೆ ಬರುವುದಿಲ್ಲ ಅಂತ ಮನಸ್ಸಿನಲ್ಲೇ ತೀರ್ಮಾನಿಸಿದವರು ನೋಡುವ ಹಾಗಿತ್ತು.

ಕೊಪ್ಪರಿಗೆ ಇಳಿಯಿತು. ಪಾಕವನ್ನು ತೊಟ್ಟಿಗೆ ಸುರಿದು ತಿರುವಿದರು, ಅಚ್ಚಿಗೆ ತುಂಬಿದರು. ಚಹಾ ಬಂತು, ಎಲ್ಲರೂ ಕುಡಿದರು. ನಾನು ಹೊರಡಲಿಲ್ಲ. ಮನೆಗೆ ಹೋಗಬೇಕೆಂದು ಹೇಳಿದವಳು ನಾನೇ, ಆದರೂ ಕೂತೆ. ಅಚ್ಚು ಬಿಡಿಸುವ ಹೊತ್ತಾಯಿತು. ಮೊದಲ ಅಚ್ಚು ತಲೆಕೆಳಗು ಮಾಡಿದ ಕೂಡಲೆ ಬೆಲ್ಲ ಜಾರಿ, ತಟ್ಟೆಯ ಮೇಲೆ ಅಗಲವಾಗಿ ಹರಡಿ ಕೂತಿತು.

"ಇದೇನಪ, ಬೆಲ್ಲಾನೋ ಅಂಬಲಿನೋ?" ಅಂದರು ಕುರ್ಚಿಯಲ್ಲಿದ್ದ ಒಬ್ಬ ಮಾಲೀಕರು. ಉಳಿದವರೂ ಸೇರಿದರು.

"ಛಲೋ ಐತಿ ಬಿಡ್ರಿ, ಚಪಾತಿಗೆ ಹಚ್ಚಿಕೊಂಡು ತಿನ್ನಾಕ ಮಸ್ತ್."

"ಮೀಟರಿಗೆ ಶುಗರ್ ಬಂದೈತೇನು ನೋಡ್ರಿ."

ಮೈದುನ ಎರಡನೇ ಅಚ್ಚು ಬಿಡಿಸಿದ, ಮೂರನೆಯದು ಬಿಡಿಸಿದ. ಎಲ್ಲ ಅದೇ. ಕಡ್ಡಿಯನ್ನು ಒರೆಸಿ ಒರೆಸಿ ನೋಡಿದ. ಅವನ ಹಣೆಯ ಬೆವರು ಹುಬ್ಬಿನಿಂದ ಕೆಳಗೆ ಇಳಿದದ್ದು, ಅದನ್ನು ತೋಳಿನಿಂದ ಒರೆಸಿಕೊಂಡದ್ದು, ಎಲ್ಲವನ್ನೂ ನಾನು ಹಬ್ಬದೂಟ ಉಣ್ಣುವ ಹಾಗೆ ನಿಧಾನವಾಗಿ ನೋಡಿದೆ. ಸುಳ್ಳು ಯಾಕೆ ಹೇಳಲಿ, ಅಷ್ಟು ಸುಖ ನನಗೆ ಆ ವರ್ಷ ಬೇರೆ ಯಾವುದರಿಂದಲೂ ಸಿಕ್ಕಿರಲಿಲ್ಲ. ಆ ಸುಖವನ್ನು ನಮ್ಮವರ ಮುಖದಲ್ಲೂ ಕಾಣಬೇಕು ಅಂತ ಪಕ್ಕಕ್ಕೆ ತಿರುಗಿದೆ. ಅವರು ಬೆಂಚಿನ ಮೇಲೆ ಇರಲಿಲ್ಲ. ಒಬ್ಬರೇ ಎದ್ದು ಕಾಲುವೆಯ ದಾರಿ ಹಿಡಿದಿದ್ದರು.

ಓಡಿ ಹಿಡಿದೆ. ಕಾಲುವೆಗೆ ಹಾಕಿದ ಕಲ್ಲುಚಪ್ಪಡಿ ದಾಟುವಾಗ ಯಾವಾಗಲೂ ನನ್ನ ಭುಜ ಹಿಡಿಯುತ್ತಿದ್ದರು. ಅವತ್ತು ಹಿಡಿಯಲಿಲ್ಲ. ಕೋಲು ಊರಿ, ಅಂಗುಲ ಅಂಗುಲವಾಗಿ, ನಾನು ಪಕ್ಕದಲ್ಲಿ ಇಲ್ಲವೇನೋ ಅನ್ನುವಂತೆ ದಾಟಿದರು. ಹಿಂದೆಯೇ ಬಂದ ಒಲೆಯ ಅಜ್ಜ ನನ್ನ ಹತ್ತಿರ ನಿಂತು, ಮೆಲ್ಲಗೆ ಅಂದ:

"ಅವ್ರು ಮನಿಗೆ ಹೋಗೂಣು ಅನ್ನಲಿಲ್ಲ ಬಿಡ್ರಿ ಅವ್ವ."

"ನಿನಗ ಹೆಂಗ ಗೊತ್ತು?"

"ಬೆಂಕಿ ಎಳದಾಂವ ನಾ ಅಲ್ಲೇನ್ರಿ?" ಅಂದು ಮುಂದೆ ನಡೆದ. ಅಜ್ಜ ಅದನ್ನು ಯಾರಿಗೂ ಹೇಳಲಿಲ್ಲ. ಹೇಳಬೇಕಾದವರಿಗೆ ಮೊದಲೇ ಗೊತ್ತಿತ್ತು.

ಮಾರನೇ ದಿವಸ ಬೆಳಿಗ್ಗೆ ನಾನು ಅಂಗಿ ತೊಡಿಸಲು ಹೋದರೆ ತೋಳು ಕೊಡಲಿಲ್ಲ. ತಾವೇ ಅರ್ಧ ಗಂಟೆ ಒದ್ದಾಡಿ, ಗುಂಡಿ ತಪ್ಪಾಗಿ ಹಾಕಿಕೊಂಡು, ಒಬ್ಬರೇ ಗಾಣಕ್ಕೆ ಹೊರಟರು. ನಾನು ಹಿಂದೆ ಹೋದರೆ ಕೋಲು ಎತ್ತಿ ತಡೆದರು. ಮಧ್ಯಾಹ್ನ ಮೈದುನ ಕರೆತಂದ. ತಗ್ಗಿನ ಹೊಲದ ಕಬ್ಬು ಇನ್ನೂ ಉಳಿದಿತ್ತಲ್ಲ, ಅಣ್ಣ ಬಂದು ಹಲಗೆಯ ಮೇಲೆ ಕೂತರಂತೆ. ಮುಖ ಬಿದ್ದವನು ಬೇಡ ಅನ್ನಲಿಲ್ಲ. ಬೆಂಕಿ ಎಳೆಸಿ, ಪೀಂ ಅಂದ ಮೇಲೂ ಗಳ ಹಿಡಿದು ಕೂತು, ಕೊನೆಗೆ ತಾವೇ ಕೈ ಬಿಟ್ಟರಂತೆ. ಬೆಲ್ಲ ಕಲ್ಲಿನ ಹಾಗೆ ಬಂತಂತೆ.

"ಬ್ಯಾಕಪ್ ಇತ್ತು ನೋಡ್ರಿ ಅತ್ತಿಗಿ," ಅಂದ ಮೈದುನ, ಕಣ್ಣು ಅಗಲಿಸಿ. "ಮೇನ್ ಡಿಸ್ಕ್ ಹೋಗಿದ್ರೂ ಬ್ಯಾಕಪ್ ಭಾಳ ಗಟ್ಟಿ ಐತಿ. ನಾವ ನೋಡಿದ್ದಿಲ್ಲ."

ಬೆಲ್ಲ ಕೆಟ್ಟರೂ ಅವನ ಮಾತು ಕೆಡಲಿಲ್ಲ. ಅಣ್ಣನಲ್ಲಿ ಮನುಷ್ಯ ಇದ್ದಾನೆ ಅಂತ ಅವನಿಗೆ ಆಗಲೂ ಅನ್ನಿಸಲಿಲ್ಲ, ಇನ್ನೊಂದು ಪೆಟ್ಟಿಗೆ ಸಿಕ್ಕಿತು ಅಷ್ಟೇ. ಅದನ್ನೂ ಬರೆದಿಟ್ಟಿದ್ದೇನೆ. ಅವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ಆ ದಿವಸ ಮತ್ತೆ ಬಂದರೆ ಅವನ ಪಾಕ ಮತ್ತೆ ಕೆಡಿಸುತ್ತೇನೆ. ನಮ್ಮವರ ಬಾಯಿಂದ ಕೆಡಿಸುವುದಿಲ್ಲ, ಅಷ್ಟೇ ವ್ಯತ್ಯಾಸ. ಅವನು ಅವರ ಕೈಗೆ ಪೆಟ್ಟಿಗೆ ನೇತುಹಾಕಿದ. ನಾನು ಅವರ ಗಂಟಲಿಗೆ ನನ್ನ ಮಾತು ನೇತುಹಾಕಿದೆ. ಖಾಲಿ ಅಂದವನಿಗೂ ನನಗೂ ಆ ಗಳಿಗೆಯಲ್ಲಿ ಏನೂ ಅಂತರ ಇರಲಿಲ್ಲ. ನನಗೆ ಬೇಕಾದ ಗುಂಡಿ ಒತ್ತಿ, ನನಗೆ ಬೇಕಾದ್ದನ್ನು ಓದಿ ಹೇಳಿದೆ.

ಆ ತಲೆಯೊಳಗೆ ಪೂರ್ತಿ ಮನುಷ್ಯ ಇದ್ದಾರೆ ಅಂತ ಲೋಕಕ್ಕೆ ತೋರಿಸಬೇಕು ಅಂತ ಹೊರಟವಳು ನಾನು. ಅವರೇ ತೋರಿಸಿದರು, ನನಗೆ ತೋರಿಸಿದರು. ಅವತ್ತಿನಿಂದ ಮನೆಗೆ ಯಾರೇ ಬಂದು "ಏನಂತಾರ್ರಿ?" ಅಂತ ನನ್ನನ್ನು ಕೇಳಿದರೆ, ನಾನು ಬಾಯಿ ತೆಗೆಯುವ ಮೊದಲೇ ನಮ್ಮವರು ಎಡಗೈ ಎತ್ತಿ ತಮ್ಮನ ಕಡೆ ತೋರಿಸುತ್ತಾರೆ. ತಮ್ಮ ಇಲ್ಲದಿದ್ದರೆ ಸುಮ್ಮನಾಗುತ್ತಾರೆ. ಅನ್ನ ನಾನೇ ಬಡಿಸುತ್ತೇನೆ, ಉಣ್ಣುತ್ತಾರೆ. ಮಾತ್ರೆ ಕೊಡುತ್ತೇನೆ, ನುಂಗುತ್ತಾರೆ. ಮಾತು ಮಾತ್ರ ಕೊಡುವುದಿಲ್ಲ. ಸೇಡು ಇಷ್ಟು ಅಚ್ಚುಕಟ್ಟಾಗಿ ತೀರಿಸಿಕೊಳ್ಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನದು ಒಂದು ಕೊಪ್ಪರಿಗೆ, ಒಂದು ಮಧ್ಯಾಹ್ನ. ಅವರದು ಮೂರು ವರ್ಷದಿಂದ ನಡೆಯುತ್ತಿದೆ. ಯಾವ ಯಂತ್ರಕ್ಕೆ ಇದು ಬರುತ್ತದೆ ಅಂತ ಮೈದುನನನ್ನು ಕೇಳಬೇಕು ಅನ್ನಿಸುತ್ತದೆ. ಕೇಳಿದರೆ ಕಾರಣ ಹೇಳಬೇಕಾಗುತ್ತದೆ, ಅದಕ್ಕೆ ಕೇಳಿಲ್ಲ.

ಮೊನ್ನೆ ಮಧ್ಯಾಹ್ನ ಮೂವರೂ ನಡುಮನೆಯಲ್ಲಿದ್ದೆವು. ಹೊರಗೆ ಬತ್ತದ ಲಾರಿಗಳು ಹೋಗುತ್ತಿದ್ದವು, ಕಿಟಕಿಯಿಂದ ಧೂಳು ನೇರ ಅವರ ಮಂಚಕ್ಕೆ ಬರುತ್ತಿತ್ತು. ಕಣ್ಣು ಕಿರಿದು ಮಾಡಿ "ಹ್ಞೂಂ" ಅಂದರು. ಕಿಟಕಿ ಮುಚ್ಚಿ ಅನ್ನುವುದು, ಅದು ಅವರ ಸಣ್ಣ "ಹ್ಞೂಂ", ತುದಿಯಲ್ಲಿ ಸ್ವಲ್ಪ ಏರುತ್ತದೆ. ನಾನು ಅರ್ಧ ಎದ್ದಿದ್ದೆ. ಅವರ ಎಡಗೈ ಮೇಲೆದ್ದು ತಮ್ಮನ ಕಡೆ ಹೋಯಿತು. ನಾನು ಮತ್ತೆ ಕೂತೆ.

"ನೀರಾ ಅಣ್ಣಾ? ತಡಿ, ತರ್ತೀನಿ," ಅಂತ ಮೈದುನ ಒಳಗೆ ಹೋಗಿ ತಾಮ್ರದ ಲೋಟ ತುಂಬ ನೀರು ತಂದು ಕೈಗಿಟ್ಟ.

ಅವರಿಗೆ ಬಾಯಾರಿಕೆ ಇರಲಿಲ್ಲ. ಹತ್ತು ನಿಮಿಷದ ಹಿಂದೆ ಮಜ್ಜಿಗೆ ಕುಡಿದಿದ್ದರು. ಲೋಟ ಹಿಡಿದು, ಧೂಳಿಗೆ ಕಣ್ಣು ಪಿಳುಕಿಸುತ್ತ, ನನ್ನನ್ನೇ ನೋಡುತ್ತ, ಕೊನೆಯ ಗುಟುಕಿನ ತನಕ ಕುಡಿದರು.